ಆಯಿಯ ಸೇರು, ನನ್ನ ಕಿಲೋ

ಆಯಿಯ ಬಲಗೈಯ ಅಂಚಿನ ಚರ್ಮ ಉಳಿದ ಕೈಯ ಚರ್ಮದಂತಿರಲಿಲ್ಲ. ಕಿರುಬೆರಳಿನ ತುದಿಯಿಂದ ಮಣಿಕಟ್ಟಿನವರೆಗೆ ಒಂದು ಬೆರಳಗಲದ ಜಾಗ ನುಣ್ಣಗೆ, ಬಿಳುಪಾಗಿ, ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಕಾಳು ಅಳೆಯುವ ಸೇರಿನ ಬಾಯಿಯ ಮೇಲೆ ಆ ಅಂಚಿನಿಂದಲೇ ತೀಡಿ ತೀಡಿ ಗೋಪುರ ನಿಲ್ಲಿಸಿ ನಲವತ್ತು ವರ್ಷದಲ್ಲಿ ಹಾಗಾಗಿತ್ತು. ನಾನು ಆ ಕೈಯನ್ನು ಮೊದಲು ಸರಿಯಾಗಿ ನೋಡಿದ್ದು ಅದರಿಂದ ಸೇರನ್ನು ಕಿತ್ತುಕೊಂಡ ದಿನ.

ತೂಕ ಮತ್ತು ಅಳತೆ ತಪಾಸಣೆ ಮಾಡುವುದು ನನ್ನ ಸರ್ಕಾರಿ ಕೆಲಸ. ಅಂಗಡಿಗಳ ತಕ್ಕಡಿ ನೆಟ್ಟಗಿದೆಯೇ, ತೂಕದ ಕಲ್ಲುಗಳಿಗೆ ಮುದ್ರೆ ಬಿದ್ದಿದೆಯೇ, ಲೀಟರು ಲೀಟರೇ ಹೌದೇ ಎಂದು ನೋಡುತ್ತ ತಿರುಗುವುದು. ಊರು ಚಿತ್ರದುರ್ಗದ ಕಡೆ. ಹೆಂಡತಿ ತೀರಿಕೊಂಡು ಎಂಟು ತಿಂಗಳಾಗಿದ್ದಾಗ ವರ್ಗಾವಣೆಗೆ ಅರ್ಜಿ ಹಾಕಿ, ಯಾವ ಜಿಲ್ಲೆ ಬೇಕೆಂಬ ಕಡೆ ಬೀದರ ಎಂದು ಬರೆದೆ. ಮೇಲಿನವರು ಎರಡು ಸಲ ಕೇಳಿದರು, ಕೈತಪ್ಪಿ ಬರೆದಿದ್ದೀಯೋ ಹೇಗೆ ಅಂತ. ಕೈತಪ್ಪಿರಲಿಲ್ಲ. ಯಾರೂ ಗುರುತು ಹಿಡಿದು, ರಸ್ತೆಯಲ್ಲಿ ನಿಲ್ಲಿಸಿ, ಹೇಗಿದ್ದೀರಿ ಈಗ ಎಂದು ಕೇಳದ ಊರು ನನಗೆ ಬೇಕಿತ್ತು. ಹುಮನಾಬಾದಿನಲ್ಲಿ ಒಂದು ಮಹಡಿ ಕೋಣೆ ಹಿಡಿದೆ. ಅಲ್ಲಿಯ ಮಾತು ಮೊದಮೊದಲು ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಅದೂ ಒಂದು ಅನುಕೂಲವೇ ಆಯಿತು. ತಿಳಿಯದ ಮಾತಿಗೆ ಉತ್ತರ ಕೊಡಬೇಕಾಗಿರಲಿಲ್ಲ.

ಬಸವಕಲ್ಯಾಣದ ಸಂತೆಗೆ ನಾನು ತಪಾಸಣೆಗೆಂದು ಹೋದ ಮೊದಲ ದಿನವೇ ಅವರು ಕಂಡರು. ಸಂತೆಯ ತುದಿಯಲ್ಲಿ, ಗೋಡೆಗೆ ಬೆನ್ನು ಕೊಟ್ಟು, ಮುಂದೆ ಐದಾರು ಗೋಣಿಚೀಲ ಬಾಯಿ ಮಡಚಿಟ್ಟುಕೊಂಡು ಕೂತಿದ್ದರು. ಜೋಳ, ತೊಗರಿಬೇಳೆ, ಹೆಸರು, ಉದ್ದು, ಕಡಲೆ. ಅರುವತ್ತು ದಾಟಿದ ಹೆಂಗಸು, ಸಣ್ಣ ಮೈ, ದೊಡ್ಡ ದನಿ. ಎಲ್ಲರೂ ಅವರನ್ನು ಆಯಿ ಎಂದು ಕರೆಯುತ್ತಿದ್ದರು. ಸುತ್ತ ಹಳ್ಳಿಯ ಹೆಂಗಸರು ಕೂತು, ಸೆರಗು ಒಡ್ಡಿ, ಸೇರಿನ ಲೆಕ್ಕದಲ್ಲೇ ಕೇಳುತ್ತಿದ್ದರು. ಒಂದು ಸೇರು ಜೋಳ, ಅಚ್ಚೇರು ಬೇಳೆ, ಪಾವು ಉದ್ದು. ಆಯಿಯ ಹತ್ತಿರ ಮೂರು ಅಳತೆಗಳಿದ್ದವು. ಸೇರು, ಅದರ ಅರ್ಧದ ಅಚ್ಚೇರು, ಅದರ ಅರ್ಧದ ಪಾವು. ಕಬ್ಬಿಣದವು, ಬಾಯಿಗೆ ಹಿತ್ತಾಳೆಯ ಪಟ್ಟಿ. ತಕ್ಕಡಿ ಎಲ್ಲೂ ಕಾಣಲಿಲ್ಲ.

"ಆಯಿ, ತಕ್ಕಡಿ ಎಲ್ಲಿ?" ಎಂದೆ.

"ತಕ್ಕಡಿ ಯಾಕ್ರಿ? ಸೇರು ಅದಲ್ಲ."

"ಸೇರು ನಡೆಯೋದಿಲ್ಲ. ಕಿಲೋದಲ್ಲೇ ಮಾರಬೇಕು. ಕಾನೂನು."

"ಯಾವಾಗಿಂದ್ರಿ?"

"ನೀವು ಹುಟ್ಟಿದ ಕಾಲದಿಂದ ಅಂದುಕೊಳ್ಳಿ."

ಕೂತಿದ್ದ ಹೆಂಗಸರೆಲ್ಲ ನಕ್ಕರು. ಆಯಿಯೂ ನಕ್ಕರು. "ನನಗ ಯಾರೂ ಹೇಳಲೇ ಇಲ್ಲ ನೋಡ್ರಿ ಸಾಹೇಬ್ರ."

ನಾನು ಚೀಟಿಯ ಪುಸ್ತಕ ತೆಗೆದಾಗ ಅವರ ನಗು ನಿಂತಿತು. ದಂಡವೇನೂ ಹಾಕುವುದಿಲ್ಲ, ಅಳತೆಗಳನ್ನು ಮಾತ್ರ ಜಪ್ತಿ ಮಾಡುತ್ತೇನೆ ಎಂದೆ. ಅದು ದೊಡ್ಡ ರಿಯಾಯಿತಿ ಎಂದು ಆಗ ನನಗೆ ಅನ್ನಿಸಿತ್ತು.

"ಇದರಾಗ ಮೋಸ ಅದಂತೇನ್ರಿ?" ಎಂದು ಕೇಳಿದರು.

"ಮೋಸ ಇದೆ ಅಂತ ನಾನು ಹೇಳ್ತಿಲ್ಲ."

"ಮೋಸ ಇಲ್ಲಂದ್ರ ಯಾಕ ಒಯ್ತೀರಿ?"

ಇದಕ್ಕೆ ಕಾನೂನಿನಲ್ಲಿ ಉತ್ತರವಿದೆ. ಕೈಚಾಚಿದೆ. ಅವರು ಸೇರನ್ನು ಬೋರಲು ಹಾಕಿ ತಳಕ್ಕೆ ಎರಡು ಸಲ ತಟ್ಟಿದರು. ಪಟ್ಟಿಯ ಸಂದಿಗೆ ಸಿಕ್ಕಿಕೊಂಡಿದ್ದ ನಾಲ್ಕು ಜೋಳದ ಕಾಳನ್ನು ಉಗುರಿನಿಂದ ಕೆದರಿ ತೆಗೆದು ಚೀಲಕ್ಕೆ ಹಾಕಿದರು. ಆಮೇಲೆ ಮೂರನ್ನೂ ಒಂದರೊಳಗೊಂದು ಇಟ್ಟು ನನ್ನ ಕೈಗೆ ಕೊಟ್ಟರು. "ಬರೇದು ಒಯ್ರಿ. ಕಾಳು ನಂದು."

ಮರುದಿನ ಕಚೇರಿಯಲ್ಲಿ ಸುಮ್ಮನೆ ಕುತೂಹಲಕ್ಕೆ ಆ ಸೇರಿಗೆ ಜೋಳ ತುಂಬಿ ತೂಗಿದೆ. ಸಂತೆಯಲ್ಲಿ ಅವರು ತುಂಬುತ್ತಿದ್ದ ಹಾಗೆಯೇ, ಮೇಲೆ ಗೋಪುರ ನಿಲ್ಲುವಷ್ಟು. ಒಂದು ಕಿಲೋಗಿಂತ ಒಂದು ಹಿಡಿ ಹೆಚ್ಚೇ ಬಂತು. ಇನ್ನೊಮ್ಮೆ ತೂಗಿದೆ, ಮತ್ತೊಮ್ಮೆ ತೂಗಿದೆ. ಮೂರು ಸಲವೂ ಹೆಚ್ಚು. ಅದೇ ವಾರ ಮುದ್ರೆ ಬಿದ್ದ ಎಲೆಕ್ಟ್ರಾನಿಕ್ ತಕ್ಕಡಿ ಇಟ್ಟುಕೊಂಡೇ ಕಿಲೋಗೆ ಐವತ್ತು ಗ್ರಾಂ ಹೊಡೆಯುತ್ತಿದ್ದ ಒಬ್ಬ ಅಂಗಡಿಯವನನ್ನು ನಾನು ಹಿಡಿದಿದ್ದೆ.

ಮುಂದಿನ ಸಂತೆಗೆ ಹೋದಾಗ ಅವರು ಅದೇ ಗೋಡೆಗೆ ಒರಗಿ ಕೂತಿದ್ದರು. ಚೀಲಗಳು ತುಂಬಿದಂತೆಯೇ ಇದ್ದವು. ಬಂದವರು ಕೇಳಿ, ನಿಂತು, ಬೇರೆ ಕಡೆ ಹೋಗುತ್ತಿದ್ದರು.

"ವ್ಯಾಪಾರ ಇಲ್ಲವಾ ಆಯಿ?"

"ಏನಿಲೆ ಅಳೀಲಿ ಸಾಹೇಬ್ರ? ಕೈಲೆ ಕೊಡಾಕ ಬರ್ತದೇನು?"

ಸಿಟ್ಟಿರಲಿಲ್ಲ ದನಿಯಲ್ಲಿ. ಮಳೆ ಬಂದಿದ್ದಕ್ಕೆ ಹೊಲಕ್ಕೆ ಹೋಗಲಾಗಲಿಲ್ಲ ಎನ್ನುವವರ ಹಾಗೆ ಹೇಳಿದರು. ಅಂಕಿ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿಯಿಂದ ಅವರಿಗೆ ಉಪಯೋಗವಿರಲಿಲ್ಲ. ಅಂಕಿ ಓದಲು ಬರುತ್ತಿರಲಿಲ್ಲ. ಹುಮನಾಬಾದಿನಲ್ಲಿ ಮುಚ್ಚಿಹೋಗಿದ್ದ ಒಂದು ಕಿರಾಣಿ ಅಂಗಡಿಯ ಮೂಲೆಯಲ್ಲಿ ಎರಡು ತಟ್ಟೆಯ ಕೈತಕ್ಕಡಿ ಬಿದ್ದಿದ್ದು ನನಗೆ ಗೊತ್ತಿತ್ತು. ಅದನ್ನು ತಂದು, ಮುಳ್ಳು ಸರಿಮಾಡಿ, ಮುದ್ರೆ ಒತ್ತಿ, ಕಲ್ಲುಗಳ ಸಮೇತ ಅವರಿಗೆ ತಲುಪಿಸಿದೆ. ಕಿತ್ತುಕೊಂಡವನೇ ಕಲಿಸಬೇಕಲ್ಲ. ನಾಲ್ಕೈದು ಮಧ್ಯಾಹ್ನ ಅವರ ಮನೆಗೆ ಹೋಗಿ ಕಲಿಸಿದೆ.

ಮನೆ ಎಂದರೆ ಕೋಟೆಯ ಕಡೆಯ ಒಂದು ಓಣಿಯಲ್ಲಿ ಒಂದೇ ಖೋಲಿ, ಮುಂದೆ ಒಂದು ಕಟ್ಟೆ. ಮಕ್ಕಳಿಲ್ಲ. ಗಂಡ ಹೋಗಿ ಬಹಳ ವರ್ಷವಾಗಿತ್ತು. ಗಂಡನ ಕಸುಬು ಅಳೆಯುವುದೇ. ಸುಗ್ಗಿಯಲ್ಲಿ ಹಳ್ಳಿಖೇಡ, ಚಿಟಗುಪ್ಪದ ಕಡೆ ಕಣಕಣಕ್ಕೆ ಹೋಗಿ ರಾಶಿ ಅಳೆದು ಕೊಡುತ್ತಿದ್ದವನು. ಜಪ್ತಿಯಾದ ಸೇರು ಅವನದು. ರಾಶಿ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಆಯಿಯೂ ಸಂತೆಯಲ್ಲಿ ಹಾಗೆಯೇ ಎಣಿಸುತ್ತಿದ್ದರು.

"ಒಂದು ಅಂದರೆ ಏನಾಗ್ತದೆ ಆಯಿ?" ಎಂದು ಕೇಳಿದ್ದೆ.

"ಏನಾಗಂಗಿಲ್ರಿ. ಒಂದು ಅಂದ್ರ ಅದು ಒಂದ ಅದ ಅಂತ ಗೊತ್ತಾಗ್ತದಲ್ಲ, ಅದಕ್ಕ."

ಕಲ್ಲುಗಳನ್ನು ಅವರು ಕಣ್ಣಿನಿಂದ ಕಲಿಯಲಿಲ್ಲ, ಕೈಯಿಂದ ಕಲಿತರು. ಒಂದೊಂದನ್ನೂ ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿ, ಇದು ಕಿಲೋ, ಇದು ಅರ್ಧಾ ಎನ್ನುತ್ತಿದ್ದರು. ಎರಡನೆಯ ದಿನಕ್ಕೇ ತಪ್ಪದೆ ಹೇಳತೊಡಗಿದರು. ತೊಡಕು ಬಂದದ್ದು ಪಾವಿನಲ್ಲಿ. ಜನ ಕೇಳುವುದು ಪಾವ್ ಕಿಲೋ, ಅಂದರೆ ಇನ್ನೂರೈವತ್ತು ಗ್ರಾಂ. ಆದರೆ ಇನ್ನೂರೈವತ್ತರ ಕಲ್ಲು ನಮ್ಮ ಪಟ್ಟಿಯಲ್ಲೇ ಇಲ್ಲ. ಇನ್ನೂರರದ್ದೊಂದು, ಐವತ್ತರದ್ದೊಂದು ಕೂಡಿಸಿ ಇಡಬೇಕು.

"ಎರಡು ಇಡಬೇಕೇನ್ರಿ ಪಾವಿಗೆ?" ಆಯಿ ಎರಡೂ ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿದರು. "ಇಡೀ ಬಜಾರ ಪಾವ್ ಕಿಲೋ ಪಾವ್ ಕಿಲೋ ಅಂತದ. ನಿಮ್ಮ ಸರ್ಕಾರಕ್ಕ ಒಂದ ಪಾವ್ ಮಾಡಾಕ ಕಬ್ಬಣ ಸಾಲಲಿಲ್ಲೇನು?"

ನಾನು ಆ ಊರಿಗೆ ಬಂದ ಮೇಲೆ ಬಾಯ್ತುಂಬ ನಕ್ಕಿದ್ದು ಅವತ್ತೇ.

ಆದರೆ ಕಲ್ಲು ಕಲಿತ ಮಾತ್ರಕ್ಕೆ ಗಿರಾಕಿಗಳು ಬರಲಿಲ್ಲ. ಸೇರಿನ ಮೇಲೆ ಏಳುವ ಗೋಪುರ ನೋಡಿ ಅಭ್ಯಾಸವಾದವರಿಗೆ ತಕ್ಕಡಿಯ ತಟ್ಟೆಯಲ್ಲಿ ಹರಡಿಕೊಂಡ ಕಾಳು ಕಡಿಮೆ ಎನಿಸುತ್ತಿತ್ತು. ಮನ್ನಾಏಖೇಳ್ಳಿಯ ಕಡೆಯಿಂದ ಬರುತ್ತಿದ್ದ ಒಬ್ಬ ಹೆಂಗಸು ನನ್ನ ಮುಂದೆಯೇ ಜಗಳ ತೆಗೆದಳು. "ಇಷ್ಟು ವರ್ಷ ತುಂಬಿ ಕೊಟ್ಟಿ, ಈಗ ನೀನೂ ಅಂಗಡಿ ಮಂದಿ ಆದಿ?" ಎಂದಳು. ಆಯಿ ಕಲ್ಲು ಇಟ್ಟು, ತೂಗಿ, ಮುಳ್ಳು ನಡುವೆ ನಿಂತ ಮೇಲೆ ಚೀಲಕ್ಕೆ ಕೈಹಾಕಿ ಒಂದು ಹಿಡಿ ಜೋಳ ತೆಗೆದು ಅವಳ ಸೆರಗಿಗೆ ಹಾಕಿದರು. ಅಲ್ಲಿಂದ ಮುಂದೆ ಎಲ್ಲರಿಗೂ ಹಾಗೆಯೇ. ಕಿಲೋಗೆ ಒಂದು ಹಿಡಿ, ಪಾವಿಗೆ ಒಂದು ಚಿಟಿಕೆ.

"ಹಾಗೆ ಕೊಡಬೇಕಾಗಿಲ್ಲ ಆಯಿ. ತೂಕ ಸರಿ ಇದೆಯಲ್ಲ," ಎಂದೆ.

"ತಕ್ಕಡಿ ನ್ಯಾಯ ಹೇಳ್ತದ್ರಿ ಸಾಹೇಬ್ರ, ಸುಳ್ಳಲ್ಲ. ಬರೇ ನ್ಯಾಯ ತಗೊಂಡು ಯಾರು ಮನಿಗೆ ಹೋಗ್ತಾರ?"

ಎರಡು ತಿಂಗಳಲ್ಲಿ ಗಿರಾಕಿಗಳು ಮರಳಿದರು. ಮೊದಲಿನಷ್ಟಲ್ಲ, ಆದರೂ ಚೀಲಗಳು ಖಾಲಿಯಾಗುತ್ತಿದ್ದವು. ನಾನೂ ಅವರ ಗಿರಾಕಿಯಾದೆ. ಹುಮನಾಬಾದಿನಲ್ಲಿ ನನ್ನ ಕೋಣೆಯ ಕೆಳಗೇ ಕಿರಾಣಿ ಅಂಗಡಿಯಿತ್ತು. ಆದರೂ ಸಂತೆಯ ದಿನ ಕೆಲಸ ಮುಗಿಸಿ, ಬಸ್ಸಿಗೆ ಮೊದಲು, ಅವರ ಹತ್ತಿರವೇ ಬೇಳೆ ಕಟ್ಟಿಸುತ್ತಿದ್ದೆ.

ಮೊದಲ ಸಲ ಕೇಳಿದಾಗ ಅವರು ಎಷ್ಟು ಬೇಕು ಎನ್ನಲಿಲ್ಲ. "ಎಷ್ಟು ಮಂದಿ ಅದೀರಿ?" ಎಂದರು.

"ಇಬ್ಬರು," ಎಂದೆ.

ಯಾಕೆ ಹಾಗೆಂದೆನೋ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಹನ್ನೊಂದು ವರ್ಷ ಆ ಪ್ರಶ್ನೆಗೆ ಅದೇ ಉತ್ತರವಾಗಿತ್ತು, ಬಾಯಿ ಅದನ್ನೇ ಕೊಟ್ಟಿತು. ಆಮೇಲೆ ತಿದ್ದಲು ಹೋಗಲಿಲ್ಲ. ಆಯಿ ಇಬ್ಬರಿಗಾಗುವಷ್ಟು ತೂಗಿ, ಕಾಗದದ ಪೊಟ್ಟಣ ಕಟ್ಟಿ, ದಾರ ಸುತ್ತಿ, ತಮ್ಮದೇ ಒಂದು ಬಗೆಯ ಗಂಟು ಹಾಕಿ ಕೊಟ್ಟರು. ಪ್ರತಿ ಸಂತೆಗೂ ಅರ್ಧ ಕಿಲೋ ತೊಗರಿಬೇಳೆ, ಪಾವ್ ಕಿಲೋ ಹೆಸರು. ನಾನು ವಾರದಲ್ಲಿ ಮೂರು ದಿನ ಒಲೆ ಹಚ್ಚಿದರೆ ಹೆಚ್ಚು. ಉಳಿದ ದಿನ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಏನೋ ಒಂದು. ಪೊಟ್ಟಣಗಳು ಕಟ್ಟಿದ ಹಾಗೆಯೇ ಮೂಲೆಯಲ್ಲಿ ಸೇರುತ್ತ ಹೋದವು.

ಆಯಿಗೆ ಇನ್ನೊಂದು ವಿದ್ಯೆಯಿತ್ತು. ಯಾರು ಎಷ್ಟು ಒಯ್ಯುತ್ತಾರೆ ಎಂಬುದರಿಂದ ಅವರ ಮನೆಯ ಸುದ್ದಿ ತಿಳಿದುಕೊಳ್ಳುತ್ತಿದ್ದರು. ಒಬ್ಬಳು ಅರ್ಧ ಕಿಲೋ ಉದ್ದು ಹೆಚ್ಚಿಗೆ ಕೇಳಿದರೆ, "ಮಗಳು ಬಾಣಂತನಕ್ಕ ಬಂದಾಳೇನು?" ಎನ್ನುತ್ತಿದ್ದರು. ಬಂದೇ ಇರುತ್ತಿದ್ದಳು. ಒಮ್ಮೆ ಒಬ್ಬ ಗಿರಾಕಿ ಬಂದು ಎಂದಿನಷ್ಟೇ ಜೋಳ ಕೇಳಿದಳು. ತೂಗಲು ಕೂತ ಆಯಿ ಅವಳ ಮುಖ ನೋಡಿ, ಕೈ ನಿಲ್ಲಿಸಿ, ಅರ್ಧ ಮಾತ್ರ ತೂಗಿ ಕಟ್ಟಿಕೊಟ್ಟರು. ಆ ಹೆಂಗಸು ಪೊಟ್ಟಣವನ್ನು ಕೈಯಲ್ಲಿ ಎತ್ತಿ ನೋಡಿ, ಅಲ್ಲೇ ಕೂತು ಅತ್ತಳು. ಅವಳ ಅತ್ತೆಯೂ ಮೈದುನನೂ ಬೇರೆ ಮನೆ ಮಾಡಿಕೊಂಡು ಹೋಗಿದ್ದರು ಎಂದು ಆಮೇಲೆ ತಿಳಿಯಿತು. "ಹೆಂಗ ಗೊತ್ತಾಯಿತು ನಿಮಗೆ?" ಎಂದು ಅವರ ಮಾತಿನಲ್ಲೇ ಕೇಳಲು ಹೋದೆ. "ಹ್ಯಾಂಗ ಅನ್ರಿ, ಹೆಂಗ ಅಲ್ಲ," ಎಂದು ನನ್ನನ್ನು ತಿದ್ದಿದರು, ಅಷ್ಟೇ.

ಎರಡನೆಯ ವರ್ಷದ ಮಳೆಗಾಲದಲ್ಲಿ ನನಗೆ ಜ್ವರ ಬಂತು. ಮನೆ ಮಾಲೀಕರು ಮದುವೆಗೆಂದು ಸೊಲ್ಲಾಪುರಕ್ಕೆ ಹೋಗಿದ್ದರು. ಕಚೇರಿಗೆ ರಜೆಯ ಸಂದೇಶ ಕಳಿಸಿ ಮಲಗಿದೆ. ದಿನಕ್ಕೊಮ್ಮೆ ಎದ್ದು ನೀರು ಕುಡಿಯುವುದು, ಮಾತ್ರೆ ನುಂಗುವುದು, ಮತ್ತೆ ಮಲಗುವುದು. ಫೋನು ಇತ್ತು, ಯಾರಿಗೆ ಮಾಡಬೇಕೆಂದು ಹೆಸರುಗಳನ್ನು ಮೇಲಿಂದ ಕೆಳಗೆ ಸರಿಸಿ ನೋಡಿ ಇಟ್ಟುಬಿಡುತ್ತಿದ್ದೆ. ಒಂದು ಸಂತೆ ತಪ್ಪಿತು. ಎರಡನೆಯದೂ ತಪ್ಪಿದ ಮರುದಿನ ಬೆಳಗ್ಗೆ ಮೆಟ್ಟಿಲಲ್ಲಿ ಯಾರೋ ಏದುಸಿರು ಬಿಡುತ್ತ ಹತ್ತುವ ಸದ್ದು ಕೇಳಿತು.

"ಕಿಲೋ ಸಾಹೇಬ್ರ ಖೋಲಿ ಇದ ಏನ್ರಿ?"

ಬಸ್ಸಿಳಿದು ಸ್ಟ್ಯಾಂಡಿನ ಹಣ್ಣಿನವರನ್ನೆಲ್ಲ, ತಕ್ಕಡಿಗೆ ಮುದ್ರೆ ಒತ್ತುವ ಸಾಹೇಬರು ಎಲ್ಲಿರುತ್ತಾರೆ ಎಂದು ಕೇಳುತ್ತ ಬಂದಿದ್ದರು. ನನಗೆ ಕಿಲೋ ಸಾಹೇಬ ಎಂಬ ಹೆಸರಿರುವುದು ನನಗೇ ಗೊತ್ತಿರಲಿಲ್ಲ.

ಒಳಗೆ ಬಂದವರು ಹಣೆ ಮುಟ್ಟಿ ನೋಡಿದರು. ಕಿಟಕಿ ತೆರೆದರು. ಒಲೆಯ ಹತ್ತಿರ ಹೋಗಿ ಡಬ್ಬಿಗಳ ಮುಚ್ಚಳ ಎತ್ತಿ ನೋಡಿದರು. ಆಮೇಲೆ ಮೂಲೆಯಲ್ಲಿದ್ದ ಪೊಟ್ಟಣಗಳ ಮುಂದೆ ಕೂತರು. ಒಂದೊಂದನ್ನೇ ಎತ್ತಿ ಗಂಟು ಮುಟ್ಟಿ ನೋಡಿ ಪಕ್ಕಕ್ಕಿಟ್ಟರು. ಕೆಲವಕ್ಕೆ ಹುಳ ಬಿದ್ದು ಕಾಗದ ತೂತಾಗಿತ್ತು.

"ಗಂಟು ನಂದ. ಬಿಚ್ಚೇ ಇಲ್ಲ," ಎಂದರು ತಮ್ಮಷ್ಟಕ್ಕೆ.

ನಾನು ಗೋಡೆಗೆ ಒರಗಿ ಕೂತು, "ಆಯಿ, ನನ್ನ ಹೆಂಡತಿ..." ಎಂದು ಶುರುಮಾಡಿದೆ.

"ಗೊತ್ತದ," ಎಂದರು.

"ಯಾವಾಗಿಂದ?"

"ಮೂರನೇ ಸಂತಿಗೇ ಗೊತ್ತಾತು. ಇಬ್ಬರು ಇದ್ದ ಮನ್ಯಾಗ ಒಂದ ತೂಕ ನಡ್ಯಂಗಿಲ್ರಿ. ಒಂದ ವಾರ ಬೀಗರು ಬರ್ತಾರ, ಒಂದ ವಾರ ಅಕಿ ತವರಿಗೆ ಹೋಗ್ತಾಳ, ಒಂದ ವಾರ ಜಗಳಾಡಿ ಉಪವಾಸ ಮಲಗ್ತಾರ. ಹೆಚ್ಚುಕಮ್ಮಿ ಆಗ್ತದ. ನೀವು ಬಂದಾಗೊಮ್ಮೆ ಅರ್ಧ ಕಿಲೋ, ಪಾವ್ ಕಿಲೋ. ಒಂದ ಕಾಳು ಹೆಚ್ಚಿಲ್ಲ, ಒಂದ ಕಾಳು ಕಡಿಮಿಲ್ಲ."

"ಗೊತ್ತಿದ್ದೂ ಯಾಕೆ ಕೊಡ್ತಿದ್ರಿ?"

"ಕೇಳಿದ್ದು ಕೊಡಾಕಿ ನಾ. ನೀವಾಗೇ ಹೇಳೂತನ ಕಾದೆ." ಪೊಟ್ಟಣ ಬಿಚ್ಚುತ್ತ ಹೇಳಿದರು. "ನನ್ನ ಗಂಡ ಹೋದ ಮ್ಯಾಲ ನಾನೂ ಒಂದ ವರ್ಷ ಇಬ್ಬರಿಗೇ ರೊಟ್ಟಿ ಬಡದೇನ್ರಿ. ಓಣ್ಯಾಗ ಹುಚ್ಚಿ ಅಂದ್ರು. ಹುಚ್ಚಲ್ಲದು ತಮ್ಮಾ. ಕೈ ಕಲ್ತಿರ್ತದ. ಕೈಗೆ ತಿಳಿಸಿ ಹೇಳಾಕ ದಿನ ಬೇಕಾಗ್ತಾವ."

ತಮ್ಮಾ ಎಂದದ್ದು ಅದೊಂದೇ ಸಲ. ಆಮೇಲೆ ಮತ್ತೆ ಸಾಹೇಬರೇ ಆದೆ.

ನನ್ನ ಚಹಾದ ಲೋಟದಲ್ಲಿ ಅಳೆದು ಜೋಳದ ನುಚ್ಚು ಬೇಯಿಸಿದರು. ಚೀಲದಲ್ಲಿ ತಾವೇ ತಂದಿದ್ದರು. ಉಂಡ ಮೇಲೆ ನನ್ನನ್ನು ಎಬ್ಬಿಸಿ ಮಹಡಿಯ ಬಿಸಿಲಿಗೆ ಕರೆದುಕೊಂಡು ಹೋಗಿ ಕೂರಿಸಿದರು. ಹಳೆಯ ಸೀರೆಯೊಂದನ್ನು ಹಾಸಿ ಬೇಳೆಯನ್ನೆಲ್ಲ ಸುರಿದರು. ಆ ಸೀರೆ ನನ್ನ ಹೆಂಡತಿಯದು. ಪೆಟ್ಟಿಗೆಯ ಮೇಲೆ ಹೊದಿಸಿದ್ದನ್ನು ಅವರು ಕೇಳದೆಯೇ ತೆಗೆದಿದ್ದರು. ಬೇರೆ ಯಾರಾದರೂ ಮುಟ್ಟಿದ್ದರೆ ನಾನು ತಡೆದುಕೊಳ್ಳುತ್ತಿರಲಿಲ್ಲ. "ಹುಳ ಹಿಡಿದಿದ್ದು ಅತ್ಲಾಗ, ಛಲೋದು ಇತ್ಲಾಗ. ಕೈ ಆಡಸ್ರಿ, ಜ್ವರ ಇಳೀತದ," ಎಂದರು. ಸಂಜೆಯವರೆಗೆ ಇಬ್ಬರೂ ಬೇಳೆ ಆರಿಸಿದೆವು. ಕೆಳಗೆ ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಿದ್ದವು. ಹೊರಡುವಾಗ, ಒಳ್ಳೆಯ ಬೇಳೆ ಒಂದು ಡಬ್ಬಿಯಷ್ಟು ಉಳಿದದ್ದನ್ನು ತೋರಿಸಿ, "ಇದು ತೀರೂತನ ಸಂತಿಗೆ ಬಂದ್ರೂ ನಾ ಕೊಡಂಗಿಲ್ಲ," ಎಂದು ಮೆಟ್ಟಿಲಿಳಿದು ಹೋದರು.

ಡಬ್ಬಿ ತೀರಿಸಲು ನನಗೆ ಎರಡು ತಿಂಗಳು ಹಿಡಿಯಿತು. ದಿನವೂ ಅಡುಗೆ ಮಾಡಿದೆ. ತೀರಿದ ಮೇಲೆ ಸಂತೆಗೆ ಹೋಗಿ ಅವರ ಮುಂದೆ ನಿಂತೆ. ಸುತ್ತ ಏಳೆಂಟು ಜನ ಹೆಂಗಸರಿದ್ದರು. ಆಯಿ ತಲೆಯೆತ್ತಿ, ಹೊಸ ಗಿರಾಕಿಯನ್ನು ಕೇಳುವ ಹಾಗೆ ದೊಡ್ಡ ದನಿಯಲ್ಲಿ ಕೇಳಿದರು. "ಎಷ್ಟು ಮಂದಿ ಅದೀರಿ ಸಾಹೇಬ್ರ?"

"ಒಬ್ಬನೇ," ಎಂದೆ.

ಹೆಂಡತಿ ತೀರಿಕೊಂಡ ಮೇಲೆ ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಯಾರೂ ನನ್ನ ಕಡೆ ನೋಡಲಿಲ್ಲ. ಒಬ್ಬಳು ಕಡಲೆ ಬಾಯಿಗೆ ಹಾಕಿಕೊಂಡು ರುಚಿ ನೋಡುತ್ತಿದ್ದಳು. ಆಯಿ ತಟ್ಟೆಗೆ ಇನ್ನೂರರ ಕಲ್ಲು ಹಾಕಿದರು, ಐವತ್ತರದ್ದು ಹಾಕಿದರು, ಬೇಳೆ ಸುರಿದು ಮುಳ್ಳು ನಿಲ್ಲುವವರೆಗೆ ಕಾದರು. ಮೇಲೊಂದು ಚಿಟಿಕೆ ಹಾಕಿದರು.

ಇಲ್ಲಿಗೆ ಇದನ್ನು ನಿಲ್ಲಿಸಿಬಿಟ್ಟರೆ ನಾನು ಒಳ್ಳೆಯವನಾಗಿ ಕಾಣುತ್ತೇನೆ. ಆದರೆ ಮುಂದೆ ಇನ್ನೊಂದು ನಡೆಯಿತು. ಜಪ್ತಿ ಮಾಡಿದ ಅಳತೆಗಳನ್ನು ಕಾಲಕಾಲಕ್ಕೆ ನಾಶ ಮಾಡಬೇಕು, ಮತ್ತೆ ಬಳಕೆಗೆ ಬರಬಾರದು ಎಂಬುದು ನಿಯಮ. ಆ ವರ್ಷದ ಕೊನೆಗೆ ಆದೇಶ ಬಂತು. ಕಚೇರಿಯ ಕೋಣೆಯಲ್ಲಿ ರಾಶಿ ಬಿದ್ದಿದ್ದ ಸುಳ್ಳು ಕಲ್ಲುಗಳು, ತಳಕ್ಕೆ ಮೇಣ ಹಚ್ಚಿದ ಲೀಟರುಗಳು, ಇವುಗಳ ನಡುವೆ ಆಯಿಯ ಮೂರು ಅಳತೆಗಳೂ ಇದ್ದವು. ಪಟ್ಟಿಯಿಂದ ಮೂರು ಸಾಲು ಬಿಟ್ಟುಬಿಡುವುದು ನನ್ನ ಕೈಯಲ್ಲೇ ಇತ್ತು. ಯಾರೂ ಎಣಿಸುತ್ತಿರಲಿಲ್ಲ. ಒಂದು ರಾತ್ರಿಯೆಲ್ಲ ಯೋಚಿಸಿದೆ. ಬೆಳಗ್ಗೆ ಹೋಗಿ ಮೂರನ್ನೂ ಬರೆದೆ, ಸಹಿ ಮಾಡಿದೆ. ಜೀವನದಲ್ಲಿ ನೆಟ್ಟಗೆ ಉಳಿದಿದ್ದದ್ದು ಈ ಕೆಲಸವೊಂದೇ ಎಂಬ ಹಟವೋ, ಹೆದರಿಕೆಯೋ, ಇವತ್ತಿಗೂ ನನಗೆ ತಿಳಿಯದು. ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡುವಾಗ ಪಕ್ಕದಲ್ಲೇ ನಿಂತಿದ್ದೆ. ನಿಲ್ಲಬೇಕೆಂಬುದೂ ನಿಯಮ.

ಆಯಿ ಅಲ್ಲಿಯವರೆಗೆ ಒಂದು ದಿನವೂ ಆ ಸೇರಿನ ಮಾತೆತ್ತಿರಲಿಲ್ಲ. ನಾನೇ ಹೋಗಿ ಹೇಳಿದೆ. ಸಂತೆಯೆಲ್ಲ ಕರಗಿ, ಅವರು ಚೀಲದ ಬಾಯಿ ಹೊಲಿಯುತ್ತಿದ್ದರು. ದಬ್ಬಣ ಹಿಡಿದ ಕೈ ಹಾಗೆಯೇ ನಿಂತಿತು.

"ಬಡದ್ರೇನು?"

"ಹೌದು ಆಯಿ."

"ಸಪ್ಪಳ ಭಾಳ ಆತೇನ್ರಿ?"

"ಆಯಿತು."

"ಆಗ್ತದ. ಗಟ್ಟಿ ಕಬ್ಬಣ ಅದು," ಎಂದರು. ಹೊಲಿಗೆ ಮುಂದುವರಿಸಿದರು. ಚೀಲ ಪೂರಾ ಹೊಲಿದು, ದಾರ ಹಲ್ಲಿನಿಂದ ಕತ್ತರಿಸಿ ಆದ ಮೇಲೆ, "ಬಸ್ ಹೋಗ್ತದ ನೋಡ್ರಿ ನಿಮ್ದು," ಎಂದರು.

ಮುಂದಿನ ಸಂತೆಗೆ ಹೋಗಲು ಹೆದರಿದ್ದೆ. ಹೋದೆ. ಅವರು ಎಂದಿನಂತೆ ತೂಗಿದರು, ಎಂದಿನಂತೆ ಮೇಲೆ ಚಿಟಿಕೆ ಹಾಕಿದರು. ಬೈದಿದ್ದರೆ ಹಗುರಾಗುತ್ತಿದ್ದೆ.

ಮರುವರ್ಷ ನನ್ನನ್ನು ಬಳ್ಳಾರಿಗೆ ಹಾಕಿದರು. ಹೊರಡುವ ಮೊದಲು ಹೋಗಿ ಹೇಳಿ ಬಂದೆ. "ಅಲ್ಲಿ ಜ್ವಾಳ ಹ್ಯಾಂಗ ಇರ್ತದೋ ಏನೋ," ಎಂದಷ್ಟೇ ಅಂದರು. ಫೋನು ಇಟ್ಟುಕೊಂಡವರಲ್ಲ. ಕಾಗದ ಓದುವವರಲ್ಲ. ಅವರ ಸುದ್ದಿ ತಿಳಿಯಲು ದಾರಿಯೇ ಇರಲಿಲ್ಲ. ಬಳ್ಳಾರಿಯಲ್ಲಿ ಅಂಗಡಿಗೆ ಹೋದರೆ ಎಲ್ಲವೂ ಕಟ್ಟಿಟ್ಟ ಪ್ಯಾಕೆಟ್ಟು. ಎಷ್ಟು ಮಂದಿ ಎಂದು ಕೇಳುವವರಿಲ್ಲ. ಆದರೂ ದಿನವೂ ಒಲೆ ಹಚ್ಚುತ್ತೇನೆ, ಒಬ್ಬನಿಗಾಗುವಷ್ಟು ಬೇಯಿಸಿ ಕೂತು ಉಣ್ಣುತ್ತೇನೆ. ಇದು ಅವರು ಕಲಿಸಿದ್ದು. ನಾನು ಅವರಿಗೆ ಕಲಿಸಿದ ಕಿಲೋಗಿಂತ ದೊಡ್ಡ ವಿದ್ಯೆ ಇದು. ಕಲಿಯಲು ಹೆಚ್ಚು ದಿನ ತೆಗೆದುಕೊಂಡವನೂ ನಾನೇ.

ಈ ವರ್ಷ ಕಚೇರಿಯ ಕೆಲಸಕ್ಕೆಂದು ಬೀದರಿಗೆ ಹೋದವನು ಒಂದು ದಿನ ಉಳಿಸಿಕೊಂಡು ಬಸವಕಲ್ಯಾಣದ ಸಂತೆಗೆ ಹೋದೆ. ಗೋಡೆಯ ಹತ್ತಿರ ಒಬ್ಬ ಪ್ಲಾಸ್ಟಿಕ್ ಬಕೆಟ್ಟು, ಮಗ್ಗು ಹರಡಿಕೊಂಡು ಕೂತಿದ್ದ. ಕೇಳಿದೆ.

"ಆಯಿ ಹ್ವಾದ್ರಲ್ರಿ. ತಿಂಗಳ ಮ್ಯಾಲ ಆತು," ಎಂದ.

ಓಣಿಗೆ ಹೋದೆ. ಖೋಲಿಗೆ ಬೀಗ ಹಾಕಿತ್ತು. ಪಕ್ಕದ ಕಟ್ಟೆಯಲ್ಲಿ ಒಬ್ಬ ಹೆಂಗಸು ಪಾತ್ರೆ ತಿಕ್ಕುತ್ತಿದ್ದಳು. ನಾನು ಬೀಗ ನೋಡುತ್ತ ನಿಂತದ್ದನ್ನು ಕಂಡು ಎದ್ದು ಬಂದಳು.

"ಯಾರ್ರಿ ನೀವು? ಆಯಿಗೆ ಏನಾಗಬೇಕು?"

ಏನಾಗಬೇಕು? ಸೇರು ಕಿತ್ತುಕೊಂಡವನು. ಅದನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿಸಿದವನು. "ಗಿರಾಕಿ," ಎಂದೆ.

ಆಕೆ ತಲೆಯಾಡಿಸಿದಳು. ಒಳಗೆ ಹೋಗಿ ನೀರು ತಂದುಕೊಟ್ಟಳು. "ಮೂರು ದಿನ ಜ್ವರ ಬಂದಿತ್ರಿ. ನಾಲ್ಕನೇ ದಿನ ದವಾಖಾನಿಗೆ ಒಯ್ಯೂದ್ರಾಗ ಹ್ವಾದ್ರು. ಬಳಗ ಅಂತ ಯಾರೂ ಇಲ್ಲ ಆಯಿಗೆ. ಮಣ್ಣು ಮಾಡಾಕ ಓಣಿ ಮಂದಿ ನಾವ ನಾಲ್ಕ ಜನ ಆಗ್ತೀವಿ ಅಂದ್ಕೊಂಡಿದ್ವಿ. ಆಮ್ಯಾಲ ಬರಾಕತ್ರು ನೋಡ್ರಿ. ಹಳ್ಳಿಖೇಡದಿಂದ, ಚಿಟಗುಪ್ಪದಿಂದ, ಟಂಟಂ ಗಾಡಿ ಮಾಡ್ಕೊಂಡು, ಕೂಸಿನ್ನ ಕಟ್ಗೊಂಡು. ಹ್ಯಾಂಗ ಸುದ್ದಿ ಹತ್ತಿತೋ. ಓಣಿ ಹಿಡೀಲಿಲ್ರಿ ಮಂದಿ. ನೀವು ಯಾರು, ನೀವು ಯಾರು ಅಂತ ಬಾಗಿಲದಾಗ ನಿಂತು ನಾ ಕೇಳಾಕತ್ತೇನಿ, ಎಲ್ಲಾರೂ ಇದ ಹೇಳ್ತಾರ. ಗಿರಾಕಿ ಅಂತ."

ಲೋಟ ಕೆಳಗಿಟ್ಟು, ಎಲ್ಲಿ ಹೂತರು ಎಂದು ಕೇಳಿದೆ. ದಾರಿ ಹೇಳಿಕೊಟ್ಟಳು. ಊರ ಹೊರಗೆ, ಕಬ್ಬಿನ ಹೊಲ ದಾಟಿದ ಮೇಲೆ ಒಂದು ಜಾಗ. ಅಲ್ಲಿ ಹೊಸ ಮಣ್ಣಿನ ದಿಬ್ಬಗಳು ಎರಡಿದ್ದವು. ಎರಡರ ಮೇಲೂ ಒಣಗಿದ ಹೂವಿತ್ತು. ಹೆಸರು ಯಾವುದಕ್ಕೂ ಇರಲಿಲ್ಲ, ಕೇಳೋಣವೆಂದರೆ ಹತ್ತಿರ ಯಾರೂ ಇರಲಿಲ್ಲ. ಚಪ್ಪಲಿ ಬಿಟ್ಟು ಎರಡಕ್ಕೂ ಕೈಮುಗಿದು ಬಂದೆ.